ತೊಟ್ಟಿಲುಕಿವಿ

ಆ ಯಂತ್ರಕ್ಕಿಷ್ಟು ಬೆಂಕಿ ಹಾಕ!

ಹೀಗೆ ಶುರು ಮಾಡಿದ್ದಕ್ಕೆ, ವಿಜ್ಞಾನ ಅಂದರೆ ಆಗದ ಹೆಂಗಸು ಇವಳು ಎಂದು ನೀವು ಅಂದುಕೊಳ್ಳುವುದಾದರೆ ಅಂದುಕೊಳ್ಳಿ, ನನಗೇನೂ ಬೇಜಾರಿಲ್ಲ. ಜೋಗುಳಗಳ ಮೇಲೆ ಪಿಎಚ್.ಡಿ. ಮಾಡಿ, ಕೆಲಸಕ್ಕಾಗಿ ಅಲೆದು ಅಲೆದು, ಕೊನೆಗೆ ಚಿತ್ರದುರ್ಗದ ಮಾತೃಕ್ಷೇಮ ನಿಗಮದ ನಿಯಂತ್ರಣ ಕೊಠಡಿಗೆ ಬಂದು ಸೇರಿದವಳು ನಾನು. ಹೆಸರು ಕಾತ್ಯಾಯಿನಿ. ಆ ಯಂತ್ರದ ಪಕ್ಕದಲ್ಲೇ ಕೂತು ಸಂಬಳ ತಿಂದಿದ್ದೇನೆ. ಅದರ ಹೊಟ್ಟೆಯೊಳಗೆ ಏನು ನಡೆಯುತ್ತದೆ ಎಂಬುದು ಗೊತ್ತಿರುವುದಕ್ಕೇ ಇಷ್ಟು ಸಿಟ್ಟು.

ಯಂತ್ರದ ಸರ್ಕಾರಿ ಹೆಸರು 'ಆಶಯಮಾಪಕ'. ಜನ ಕರೆಯುವುದು ತೊಟ್ಟಿಲುಕಿವಿ ಎಂದು. ಹುಣಿಸೆ ಬೀಜದಷ್ಟು ದೊಡ್ಡದು. ಹೆರಿಗೆಯಾದ ಪ್ರತಿ ಮನೆಗೂ ನಿಗಮದವರು ಬಂದು ತೊಟ್ಟಿಲಿನ ಹಗ್ಗಕ್ಕೆ ಅದನ್ನು ಕಟ್ಟಿ ಹೋಗುತ್ತಾರೆ. ಮಗುವಿಗೆ ವರ್ಷ ತುಂಬುವವರೆಗೆ ಬಿಚ್ಚುವಂತಿಲ್ಲ. ತಾಯಿ ಹಾಡಿದ್ದನ್ನು ಅದು ಕೇಳಿಸಿಕೊಂಡು ನಮ್ಮ ಕೊಠಡಿಗೆ ಕಳಿಸುತ್ತದೆ. ಮನೆಯವರ ಬೇರೆ ಮಾತು ಕದ್ದು ಕೇಳಬಾರದು ಎಂದು ಕಾನೂನು ಇರುವುದರಿಂದ, ತೊಟ್ಟಿಲ ಸುತ್ತ ಒಂದು ಮಾರು ದೂರದ ದನಿ ಮಾತ್ರ ಅದಕ್ಕೆ ಕೇಳಿಸುತ್ತದೆ.

ಇದನ್ನು ಕಂಡುಹಿಡಿದವರು ಕೆಟ್ಟವರಲ್ಲ. ಆ ಮಾತನ್ನು ನಾನು ಮೊದಲೇ ಹೇಳಿಬಿಡಬೇಕು, ಆಮೇಲೆ ಬಾಯಿಗೆ ಬಂದಂತೆ ಬೈಯುವವಳೇ. ಬಾಣಂತಿಯರಿಗೆ ಮನಸ್ಸು ಕೆಡುವುದುಂಟು. ನರ್ಸಮ್ಮ ಬಂದು "ಹೇಗಿದೀಯವ್ವಾ?" ಎಂದು ಕೇಳಿದರೆ, ಅತ್ತೆ ಪಕ್ಕದಲ್ಲೇ ನಿಂತಿರುವಾಗ "ಚೆನ್ನಾಗಿದೀನಿ" ಎನ್ನದೆ ಇನ್ನೇನಂದಾಳು? ಆದರೆ ತೊಟ್ಟಿಲು ತೂಗುತ್ತಾ ಹಾಡುವಾಗ ಒಳಗಿದ್ದದ್ದು ಹೊರಗೆ ಬರುತ್ತದೆ. ಹಾಡಿನಲ್ಲಿ ಬಾವಿ, ಕತ್ತಲೆ, ನಿದ್ದೆ ಹೆಚ್ಚಾದಾಗಲೇ ಎಚ್ಚೆತ್ತುಕೊಂಡು ಎಷ್ಟೋ ಹೆಣ್ಣುಮಕ್ಕಳನ್ನು ಉಳಿಸಿದ್ದೇವೆ. ಯಂತ್ರ ಮಾಡುವುದಿಷ್ಟೆ. ಹಾಡಿನ ಒಂದೊಂದು ಚಿತ್ರವನ್ನೂ ಬಿಡಿಸಿಕೊಂಡು, ಲಕ್ಷಾಂತರ ಪದ್ಯಗಳಿಂದ ತಾನು ಕಲಿತಿಟ್ಟುಕೊಂಡ ಅರ್ಥದ ನಕ್ಷೆಯಲ್ಲಿ ಅದರ ಜಾಗ ಹುಡುಕುತ್ತದೆ. ಚಂದ್ರ, ಮುತ್ತು, ಚಿನ್ನ ಒಂದು ಕಡೆ ಗುಂಪಾಗಿರುತ್ತವೆ. ಕಸ, ಬೂದಿ, ಸ್ಮಶಾನ ಇನ್ನೊಂದು ಕಡೆ. ಒಟ್ಟು ಭಾರ ಎಲ್ಲಿ ಬೀಳುತ್ತದೋ ಅದೇ ಹಾಡಿನ ಆಶಯ. ಅಂಥ ಹನ್ನೊಂದು ಆಶಯಗಳು ಅದಕ್ಕೆ ಗೊತ್ತು. ವಾತ್ಸಲ್ಯ ಮೊದಲನೆಯದು, ತ್ಯಜಿಸುವಿಕೆ ಕೊನೆಯದು.

ಸೇರಿದ ಹೊಸದರಲ್ಲಿ ನಾನು ನಿರ್ದೇಶಕರನ್ನು ಕೇಳಿದ್ದೆ. "ಇದರಲ್ಲಿ ಸಿಟ್ಟು ಅನ್ನೋದೇ ಇಲ್ವಲ್ಲ ಸಾರ್?"

ನಿರ್ದೇಶಕರು ಡಾಕ್ಟರ್ ವಿಶ್ವಂಭರ. ಮೆತ್ತಗಿನ ಮಾತಿನ ಮನುಷ್ಯ. ನಕ್ಕುಬಿಟ್ಟರು. "ಜೋಗುಳದಲ್ಲಿ ಸಿಟ್ಟು ಎಲ್ಲಿಂದ ಬರುತ್ತೆ ಮೇಡಂ?"

ಅವರಿಗೆ ಯಾರೂ ತೊಟ್ಟಿಲು ತೂಗಲು ಕೊಟ್ಟಿರಲಿಲ್ಲ ಎಂದು ಕಾಣುತ್ತದೆ. ನನ್ನ ಕೆಲಸವಾದರೂ ಏನು? ಯಂತ್ರ ಬರೆದುಕೊಂಡ ಹಾಡಿನಲ್ಲಿ ಕಾಗುಣಿತ ತಿದ್ದುವುದು. ಅರ್ಥದ ತಂಟೆಗೆ ಹೋಗುವಂತಿರಲಿಲ್ಲ.

ಅವತ್ತು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುತ್ತಿದ್ದೆ. ಪಾಳಿಯಲ್ಲಿದ್ದ ಹಸೀನಾ ಕೂಗಿದಳು. "ಮೇಡಂ, ಚಳ್ಳಕೆರೆ ಕಡೆದೊಂದು ತೊಟ್ಟಿಲು ಕೆಂಪಾಗೈತೆ ನೋಡ್ರಿ."

ಗೋಡೆಯ ಮೇಲೆ ಇಡೀ ಜಿಲ್ಲೆಯ ನಕ್ಷೆ. ಒಂದೊಂದು ತೊಟ್ಟಿಲಿಗೆ ಒಂದೊಂದು ಹಸಿರು ಚುಕ್ಕಿ. ನಡುವೆ ಅದೊಂದು ಕೆಂಪಗೆ ಉರಿಯುತ್ತಿತ್ತು. ತೆರೆಯ ಮೇಲೆ ಹಾಡು ಮೂಡಿತ್ತು.

ತಿಪ್ಪೆಯ ಮೇಲಿದ್ದೆ, ತಿರುಕಿ ತಂದಳು ನಿನ್ನ
ಮೊರದಷ್ಟು ತೌಡಿಗೆ ಮಾರಿದಳು, ಜೋ ಜೋ
ಬೇಕಾದೋರ್ ಒಯ್ಯಿರಿ ಈ ಕಸವ

ಕಾಗೆಯ ಮೋರೇಯ, ಬೂದೀಯ ಮೈಯೋನೆ
ಹೆತ್ತೋಳು ನಾನಲ್ಲ, ನನಗ್ಯಾಕೆ, ಜೋ ಜೋ
ಬೇಕಾದೋರ್ ಒಯ್ಯಿರಿ ಈ ಕಸವ

ಕೆಳಗೆ ಆಶಯ: ತ್ಯಜಿಸುವಿಕೆ, ನೂರಕ್ಕೆ ತೊಂಬತ್ತಾರು.

ನಾನು ನಕ್ಕುಬಿಟ್ಟೆ. ನಿಮಗೂ ನಗು ಬಂದಿರಬೇಕು, ಆ ಸೀಮೆಯವರಾಗಿದ್ದರೆ. ಹುಟ್ಟಿದ ಮಕ್ಕಳು ಒಂದಾದ ಮೇಲೊಂದು ಹೋಗಿಬಿಟ್ಟ ಮನೆಯಲ್ಲಿ ಇನ್ನೊಂದು ಹುಟ್ಟಿದರೆ ಏನು ಮಾಡುತ್ತಾರೆ? ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲಿಟ್ಟು ಬರುತ್ತಾರೆ. ನೆರೆಮನೆಯವಳು ಹೋಗಿ ಎತ್ತಿಕೊಂಡು ಬಂದು ಒಂದು ಮೊರ ತೌಡಿಗೆ ತಾಯಿಗೇ ಮಾರುತ್ತಾಳೆ. ತಿಪ್ಪಯ್ಯ ಎಂದು ಹೆಸರಿಡುತ್ತಾರೆ. ಇದು ನಮ್ಮದಲ್ಲ, ಕಸ, ಒಯ್ಯಲು ಯೋಗ್ಯವಾದದ್ದಲ್ಲ ಎಂದು ಸಾವಿಗೆ ಕೇಳುವಂತೆ ಗಟ್ಟಿಯಾಗಿ ಹೇಳುವುದು. ಮಗುವನ್ನು ಇದಕ್ಕಿಂತ ಬಿಗಿಯಾಗಿ ಅಪ್ಪಿಕೊಂಡ ಹಾಡು ಕನ್ನಡದಲ್ಲಿ ಇನ್ನೊಂದಿರಲಾರದು.

"ನಗಬೇಡಿ ಮೇಡಂ, ಮೂರನೇ ಸಲ ಕೆಂಪಾಗಿರೋದು. ಕೂಸು ತರಾಕೆ ಗಾಡಿ ಹೊಂಟಾಗೈತೆ" ಎಂದಳು ಹಸೀನಾ.

ಡಬ್ಬಿಯನ್ನು ಹಾಗೇ ಬಿಟ್ಟು ಓಡಿದೆ.

ವಿಶ್ವಂಭರರು ಶಾಂತವಾಗಿ ಕೇಳಿಸಿಕೊಂಡರು. ಅವರ ಶಾಂತಿ ನೋಡಿಯೇ ನನಗೆ ಪಿತ್ತ ನೆತ್ತಿಗೇರಿತು.

"ಸಾರ್, ಅವಳು ಮಗು ಬೇಡ ಅಂತಿಲ್ಲ. ಉಳೀಲಿ ಅಂತ ಗೋಳಾಡ್ತಿದಾಳೆ. ಗಾಡಿ ವಾಪಸ್ ಕರೆಸಿ."

"ಕರೆಸೋ ಅಧಿಕಾರ ನನಗಿಲ್ಲ ಮೇಡಂ. ನಿಯಮ ನಿಮಗೂ ಗೊತ್ತಲ್ಲ. ಮೊದಲೆಲ್ಲ ಅಧಿಕಾರಿಗಳು ನೋಡಿ ತೀರ್ಮಾನ ಮಾಡ್ತಿದ್ರು. ಒಬ್ಬ 'ನಾಳೆ ನೋಡೋಣ' ಅಂದ. ನಾಳೆ ಆಗೋ ಹೊತ್ತಿಗೆ ತಾಯಿ ಮಗು ಇಬ್ರೂ ಬಾವೀಲಿದ್ರು. ಆ ಹೆಣಗಳನ್ನ ಎತ್ತಿಸಿದವನು ನಾನು. ಅವತ್ತಿಂದ ಮಧ್ಯೆ ಮನುಷ್ಯರು ಬೇಡ ಅಂತ ಮಾಡಿದ್ದು."

ಅದು ಸುಳ್ಳಲ್ಲ. ಹೇಳುವಾಗ ಅವರ ಕಣ್ಣಂಚು ಒದ್ದೆಯಾಗಿತ್ತು. ಸುಳ್ಳಾಗಿದ್ದರೆ ಉಗಿದು ಬರುತ್ತಿದ್ದೆ.

"ಆದ್ರೆ ಈ ಹಾಡಿನ ಆಶಯ ತಪ್ಪಾಗಿದೆ ಸಾರ್! ತಿಪ್ಪೆ ಅಂದ್ರೆ ಅಲ್ಲಿ ಏನು ಅಂತ ಯಂತ್ರಕ್ಕೆ ಗೊತ್ತಿಲ್ಲ."

"ಹಾಡಿನಲ್ಲಿ ಏನಿದೆಯೋ ಅದನ್ನ ಅದು ಓದುತ್ತೆ. ಹಾಡಿನ ಹೊರಗಿರೋದನ್ನೆಲ್ಲ ತುಂಬೋಕೆ ಹೋದ್ರೆ ಒಂದೊಂದು ಊರಿಗೂ ಒಂದೊಂದು ಯಂತ್ರ ಬೇಕಾಗುತ್ತೆ."

"ಬೇಕಾದ್ರೆ ಮಾಡಿ! ಊರೂರಿಗೆ ಒಂದೊಂದು ಥರ ಹಾಡಿದರೆ ಅದು ಹಾಡಿನ ತಪ್ಪಾ?"

ಅವರು ನೀರಿನ ಲೋಟವನ್ನು ನನ್ನ ಕಡೆ ಸರಿಸಿದರು. "ಸಮಾಧಾನ ಮಾಡ್ಕೊಳ್ಳಿ. ಮರುಪರೀಕ್ಷೆ ಇದೆ. ಆಕೆ ಇಲ್ಲಿಗೆ ಬಂದು ಯಂತ್ರದ ಮುಂದೆ ಒಂದು ಜೋಗುಳ ಹಾಡಲಿ. ವಾತ್ಸಲ್ಯ ಎಂಬತ್ತು ದಾಟಿದ್ರೆ ಅಲ್ಲೇ ಮಗು ಕೈಗೆ ಕೊಡ್ತೀವಿ. ನೀವೇ ಹೋಗಿ ಒಂದು ಒಳ್ಳೇ ಜೋಗುಳ ಹೇಳಿಕೊಟ್ಟು ಬನ್ನಿ. ನಿಮ್ಮ ವಿಷಯ ತಾನೇ?"

ಒಳ್ಳೇ ಜೋಗುಳವಂತೆ! ನೀರು ಕುಡಿಯದೆ ಎದ್ದು ಬಂದೆ.

ಚಳ್ಳಕೆರೆಯಲ್ಲಿ ಬಸ್ಸಿಳಿದು ಆಟೋ ಹಿಡಿದು ಹಟ್ಟಿಗೆ ಹೋದೆ. ಶೀಟು ಹೊದಿಸಿದ ಮನೆ, ಮುಂದೆ ಕುರಿರೊಪ್ಪ, ಪಕ್ಕದಲ್ಲಿ ತಿಪ್ಪೆ. ಮಗುವಿನ ತಾಯಿ ಪಾಲಮ್ಮ ತವರಿನಲ್ಲಿದ್ದಳು. ಗಂಡ ಬೋರ್‌ವೆಲ್ ಲಾರಿಯ ಜೊತೆ ತೆಲಂಗಾಣಕ್ಕೆ ಹೋಗಿದ್ದ. ಬಾಗಿಲಲ್ಲಿ ನಿಂತಿದ್ದ ಅಜ್ಜಿ ಓಬಕ್ಕ ಪಾಲಮ್ಮನ ಅವ್ವ. ನನ್ನ ಕೊರಳಿನಲ್ಲಿ ನಿಗಮದ ಗುರುತಿನ ಚೀಟಿ ಕಂಡದ್ದೇ ತಡ, ಶುರು ಹಚ್ಚಿಕೊಂಡಳು.

"ಬಂದ್ಯಾ ತಾಯಿ? ಕೂಸು ಒಯ್ದಿದ್ದು ಸಾಲ್ದು ಅಂತ ಬಂದ್ಯಾ? ತೊಟ್ಟಿಲೂ ಹೊತ್ಕಂಡು ಹೋಗು! ನಿಮ್ಮ ವಂಶ ನಿರ್ವಂಶ ಆಗ, ನಿಮ್ಮ ಕೈ ಸೇದೋಗ! ಅವಳ ಎದೆ ಕಲ್ಲು ಕಲ್ಲಾಗೈತೆ, ಹಾಲು ಹಿಂಡಿ ಹಿಂಡಿ ಗೋಡೆಗೆ ಚೆಲ್ಲತಾ ಅವಳೆ. ನೋಡು, ಬಾ ಒಳಗೆ, ನೋಡು!"

ಬೈಸಿಕೊಂಡೆ. ಒಂದು ಮಾತೂ ಹೆಚ್ಚಾಗಿರಲಿಲ್ಲ. ಒಳಗೆ ಪಾಲಮ್ಮ ಗೋಡೆಗೊರಗಿ ಕೂತಿದ್ದಳು. ರವಿಕೆ ಒದ್ದೆಯಾಗಿ ಅಂಟಿಕೊಂಡಿತ್ತು. ಪಕ್ಕದಲ್ಲಿ ಖಾಲಿ ತೊಟ್ಟಿಲು. ಅದರ ಹಗ್ಗಕ್ಕೆ ಕಟ್ಟಿದ್ದ ತೊಟ್ಟಿಲುಕಿವಿ ಏನೂ ಆಗಿಲ್ಲವೆಂಬಂತೆ ಮಿಣಮಿಣ ಎನ್ನುತ್ತಿತ್ತು. ಪಾಲಮ್ಮ ಎದ್ದು ನನ್ನನ್ನು ಹಿತ್ತಿಲಿಗೆ ಕರೆದುಕೊಂಡು ಹೋದಳು, ಅದಕ್ಕೆ ಕೇಳಿಸದಷ್ಟು ದೂರ.

ಮರುಪರೀಕ್ಷೆಯ ಸಂಗತಿ ಹೇಳಿದೆ. "ಒಂದೇ ಒಂದು ಸಲ ಪಾಲಮ್ಮ. ಚಿನ್ನ, ರನ್ನ, ಚಂದ್ರ ಅಂತ ಏನಾದ್ರೂ ಹಾಡಿಬಿಡು. ಮಗು ನಿನ್ನ ಮಡಿಲಿಗೆ ಬರುತ್ತೆ."

"ಆಗಲ್ಲಕ್ಕ."

"ಯಾಕೆ?"

"ಚಿನ್ನ ಅಂತ ಹಾಡಿದ ಎರಡೂ ಮಣ್ಣಾಗೋದ್ವು." ಅವಳ ದನಿಯಲ್ಲಿ ಅಳು ಇರಲಿಲ್ಲ. "ಮೊದಲ್ನೇದಕ್ಕೆ ಎಷ್ಟು ಹಾಡಿದ್ದೆ ಗೊತ್ತಾ? ಓಣಿಯೋರೆಲ್ಲ ಬಂದು ಕೇಳೋರು. ಎರಡ್ನೇದಕ್ಕೂ ಹಾಡ್ದೆ. ಇದ್ಕೆ ಹಾಡಲ್ಲ. ಮುತ್ತು ಸೈತ ಕೊಟ್ಟಿಲ್ಲ ನಾನು ಇದ್ಕೆ."

"ಹಾಡಿನಿಂದ ಮಗು ಸಾಯಲ್ಲ ಕಣೇ. ಒಂದಕ್ಕೆ ಕಾಮಾಲೆ ಆಗಿತ್ತು, ಇನ್ನೊಂದಕ್ಕೆ ಎದೆಗೆ ಕಫ ಕಟ್ಟಿತ್ತು. ಆಸ್ಪತ್ರೆಯ ದಾಖಲೇಲಿ ನೋಡಿಕೊಂಡೇ ಬಂದಿದೀನಿ."

"ನಂಗೂ ಗೊತ್ತು, ಡಾಕ್ಟ್ರು ಹೇಳವ್ರೆ. ನಾನೂ ಹತ್ತನೇ ಕ್ಲಾಸು ಓದಿದೀನಿ" ಎಂದು ನನ್ನ ಮೇಲೆ ಕಣ್ಣು ಕೆಂಪು ಮಾಡಿದಳು. "ಆದ್ರೆ ನಾಳೆ ಇದ್ಕೇನಾರ ಆದ್ರೆ, ನೀನೇ ಹಾಡಿ ಕೊಂದೆ ಅಂತ ನನ್ನ ಮನಸು ಅಂತೈತಲ್ಲ, ಅವಾಗ ನಿಮ್ಮ ಮಿಷನ್ನು ಬಂದು ಸಮಾಧಾನ ಮಾಡ್ತೈತಾ? ಮಾತಾಡು, ಮಾಡ್ತೈತಾ?"

ಮಗು ಬೇಕಾದರೆ ಅದನ್ನು ಹೊಗಳಿ ಹಾಡಬೇಕು. ಹೊಗಳಿ ಹಾಡಿದರೆ ಅದರ ಕುತ್ತಿಗೆಗೆ ತಾನೇ ಹಗ್ಗ ಹಾಕಿದಂತೆ ಅವಳಿಗೆ. ಹವಾನಿಯಂತ್ರಿತ ಕೋಣೆಯಲ್ಲಿ ಕೂತು ಇಂಥ ಇಕ್ಕಟ್ಟನ್ನು ತಯಾರಿಸಿ ಇಟ್ಟವರ ಮೇಲೆ ನನಗೆ ಎಷ್ಟು ಸಿಟ್ಟು ಬಂತೆಂದರೆ, ಕೊರಳಿನ ಗುರುತಿನ ಚೀಟಿ ಕಿತ್ತು ಚೀಲಕ್ಕೆ ತುರುಕಿದೆ. ಅದರಿಂದ ಯಾರಿಗೂ ಏನೂ ಉಪಯೋಗವಾಗಲಿಲ್ಲ.

ಹೊರಡುವಾಗ ಓಬಕ್ಕ ಮೊದಲ ಸಲ ಮೆತ್ತಗೆ ಮಾತಾಡಿದಳು. "ಆ ಪರೀಕ್ಷೆ ಮಾಡೋತ್ನಾಗೆ ಕೂಸು ತೊಟ್ಟಿಲಾಗೆ ಇರ್ತೈತಾ ತಾಯಿ?"

"ಇಲ್ಲ ಅಜ್ಜಿ. ಪಾಸಾದ ಮೇಲೇ ಕೊಡೋದು."

"ಹಂಗಾರೆ ತೊಟ್ಟಿಲು ಖಾಲಿ" ಎಂದು ಮಗಳ ಮುಖ ನೋಡಿದಳು. ಪಾಲಮ್ಮನೂ ಅವ್ವನ ಮುಖ ನೋಡಿದಳು.

ಪರೀಕ್ಷೆಯ ದಿನ ತಾಯಿ ಮಗಳು ಬೆಳಿಗ್ಗೆಯೇ ಬಂದರು. ಓಬಕ್ಕನ ಕಂಕುಳಲ್ಲಿ ಬಟ್ಟೆ ಸುತ್ತಿದ ಒಂದು ಗಂಟು. ನಿಯಂತ್ರಣ ಕೊಠಡಿಯ ಮಧ್ಯೆ ನಿಗಮದ ಹೊಸ ತೊಟ್ಟಿಲು, ಅದಕ್ಕೊಂದು ತೊಟ್ಟಿಲುಕಿವಿ. ಪಕ್ಕದ ಕೋಣೆಯಲ್ಲಿ ಗಾಜಿನಾಚೆ ಆಯಾ ಒಬ್ಬಳು ಮಗುವನ್ನು ಎತ್ತಿಕೊಂಡು ಕೂತಿದ್ದಳು. ಮಗು ಬಾಟಲಿಯನ್ನು ತಳ್ಳಿ ತಳ್ಳಿ ಅಳುತ್ತಿತ್ತು. ಅಳು ನಮಗೆ ಕೇಳಿಸುತ್ತಿರಲಿಲ್ಲ, ಬಾಯಿ ಮಾತ್ರ ಕಾಣುತ್ತಿತ್ತು. ಪಾಲಮ್ಮ ಒಂದು ಸಲ ಆ ಕಡೆ ನೋಡಿದಳು. ಸೆರಗಿನ ಮೇಲೆ ಹಾಲಿನ ಕಲೆ ಅಗಲವಾಯಿತು. ತಟ್ಟನೆ ಈ ಕಡೆ ತಿರುಗಿಬಿಟ್ಟಳು, ಮತ್ತೆ ನೋಡಲಿಲ್ಲ.

"ಶುರು ಮಾಡಮ್ಮ" ಎಂದರು ವಿಶ್ವಂಭರರು.

"ಖಾಲಿ ತೊಟ್ಟಿಲು ತೂಗಬಾರ್ದು ಸಾಮಿ" ಎಂದಳು ಓಬಕ್ಕ. ಗಂಟು ಬಿಚ್ಚಿದಳು. ಒಳಗೆ ಗುಂಡುಕಲ್ಲು, ಮಸಾಲೆ ಅರೆದು ಅರೆದು ನುಣ್ಣಗಾದದ್ದು. ನಾಮಕರಣದ ದಿನ ಮಗುವಿಗಿಂತ ಮೊದಲು ತೊಟ್ಟಿಲಲ್ಲಿ ಗುಂಡುಕಲ್ಲು ಮಲಗಿಸುವುದು ಎಲ್ಲರಿಗೂ ಗೊತ್ತಿರುವ ಪದ್ಧತಿ.

ನಿರ್ದೇಶಕರು ನನ್ನ ಕಡೆ ನೋಡಿದರು. "ಶಾಸ್ತ್ರ ಸಾರ್" ಎಂದೆ.

"ಇರಲಿ ಬಿಡಿ, ಯಾರಿಗೇನು ತೊಂದರೆ" ಎಂದರು.

ಪಾಲಮ್ಮ ಕಲ್ಲನ್ನು ತೊಟ್ಟಿಲಲ್ಲಿ ಮಲಗಿಸಿ, ಮಗುವಿಗೆ ಹೊದಿಸುವಂತೆ ಬಟ್ಟೆ ಹೊದಿಸಿ, ಹಗ್ಗ ಹಿಡಿದಳು.

ಚಿನ್ನಾದ ಗಟ್ಟಿ ನೀ, ಚೆಲುವೀನ ರಾಶಿ ನೀ
ನನ್ನ ಆಯುಷ್ಯ ನಿನಗಿರಲಿ, ಜೋ ಜೋ
ಕಣ್ಣಿದ್ದೋರೆಲ್ಲ ನಿನ ನೋಡಲಿ

ಎಂಥ ಕಂಠ ಅದು! ಹಸೀನಾ ಕುರ್ಚಿ ಬಿಟ್ಟು ಎದ್ದು ನಿಂತಳು. ಓಣಿಯವರು ಯಾಕೆ ಬಂದು ಕೇಳುತ್ತಿದ್ದರು ಎಂದು ಆಗ ಗೊತ್ತಾಯಿತು.

ಮೇಲಿಂದ ಇಳಿದೋರೆ, ಕೆಳಗಿಂದ ಎದ್ದೋರೆ
ಸಾಲಾಗಿ ಬಂದಿಲ್ಲಿ ನೋಡೀರಿ, ಜೋ ಜೋ
ನನ್ನ ಚೆಲುವಯ್ಯ ಇಲ್ಲೇ ಅವನೆ

ಹಟ್ಟಿಯಲ್ಲಿ ಮಗು ಒಯ್ಯಲು ಬರುವ ಸಾವನ್ನು ಹೆಸರು ಹಿಡಿದು ಕರೆಯುವುದಿಲ್ಲ. ಅವಳು ಅದನ್ನೇ ಕೂಗಿ ಕರೆಯುತ್ತಿದ್ದಳು. ಯಾರಿಗೆ ಕಣ್ಣು ಹಾಕಬೇಕೋ ಹಾಕು, ಇಲ್ಲಿದೆ ನೋಡು ನನ್ನ ಮಗ ಎಂದು ಕಲ್ಲನ್ನು ತೋರಿಸುತ್ತಿದ್ದಳು. ತೂಗುತ್ತಾ ತೂಗುತ್ತಾ ಅವಳ ಕಣ್ಣು ಆ ಮಿಣಮಿಣ ಎನ್ನುವ ಯಂತ್ರದ ಮೇಲೆ ನಿಂತಿತು. ಅಷ್ಟು ಉರಿಗಣ್ಣನ್ನು ನಾನು ಇನ್ನೊಬ್ಬರ ಮುಖದಲ್ಲಿ ಕಂಡಿಲ್ಲ. ದನಿ ಮಾತ್ರ ಬೆಣ್ಣೆಯಂತಿತ್ತು.

ತೆರೆ ಹಸಿರಾಯಿತು. ವಾತ್ಸಲ್ಯ, ನೂರಕ್ಕೆ ತೊಂಬತ್ತೊಂಬತ್ತು.

"ನೋಡಿದ್ರಾ ಮೇಡಂ? ಇಷ್ಟು ಅಂಕ ಇಡೀ ರಾಜ್ಯದಲ್ಲಿ ಬಂದಿಲ್ಲ!" ವಿಶ್ವಂಭರರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಯಂತ್ರಕ್ಕೆ ಗೊತ್ತಾಗುತ್ತೆ. ತಾಯಿ ಹೃದಯ ಅದಕ್ಕೆ ಗೊತ್ತಾಗೇ ಆಗುತ್ತೆ."

ನಾಲಿಗೆಯ ತುದಿಯವರೆಗೆ ಬಂದದ್ದನ್ನು ಹಲ್ಲು ಕಚ್ಚಿ ನುಂಗಿದೆ. ಮಗು ಇನ್ನೂ ಗಾಜಿನ ಆಚೆಗಿತ್ತು.

ಆಯಾ ತಂದು ಕೊಟ್ಟಳು. ಪಾಲಮ್ಮ ಮುದ್ದು ಮಾಡಲಿಲ್ಲ, ಮುಖಕ್ಕೆ ಸೆರಗು ಹಾಕಿ ಎದೆಗೆ ಒತ್ತಿಕೊಂಡು ದಡದಡ ನಡೆದಳು. ಹಿಂದೆ ಓಬಕ್ಕ, ಕಂಕುಳಲ್ಲಿ ಕಲ್ಲು. ನಿಗಮದ ಗೇಟು ದಾಟಿದ ಮೇಲೆ ಪಾಲಮ್ಮನ ದನಿ ಕೇಳಿಸಿತು. "ಅಳಬ್ಯಾಡ ಸುಮ್ಕಿರೋ ತಿಪ್ಪೆ. ಹಾಳು ತಿಪ್ಪೆ. ಯಾರಿಗ್ಬೇಕಾಗಿದ್ದೆ ನೀನು." ಅಲ್ಲೇ ರಸ್ತೆ ಬದಿಯ ಬೇವಿನ ಮರದಡಿ ಕೂತು ಹಾಲು ಕುಡಿಸಿದಳು.

ಕೆಲವು ತಿಂಗಳಾದ ಮೇಲೆ ಬೇರೆ ಬೇರೆ ರಾಜ್ಯಗಳ ಅಧಿಕಾರಿಗಳು ನಮ್ಮ ಕೊಠಡಿ ನೋಡಲು ಬಂದರು. ವಿಶ್ವಂಭರರು ಪಾಲಮ್ಮನ ಚುಕ್ಕಿಯನ್ನು ತೋರಿಸಿದರು. ಅವತ್ತಿನಿಂದ ಒಂದು ದಿನವೂ ಕೆಂಪಾಗಿರಲಿಲ್ಲ. ಜಿಲ್ಲೆಯಲ್ಲೇ ಅತ್ಯಂತ ಹೆಚ್ಚು ಪ್ರೀತಿ ಪಡೆಯುತ್ತಿರುವ ಮಗು ಇದು ಎಂದರು. ಹಾಡನ್ನು ಹಾಕಿ ಕೇಳಿಸಿದರು. ಮುಂದಿನ ಯಂತ್ರಗಳಿಗೆ ವಾತ್ಸಲ್ಯ ಎಂದರೇನು ಎಂದು ಇದರಿಂದಲೇ ಕಲಿಸುತ್ತೇವೆ ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನಮ್ಮ ಕಾತ್ಯಾಯಿನಿ ಮೇಡಂ ಜೋಗುಳಗಳ ತಜ್ಞೆ. ಈ ಹಾಡಿನ ಆಶಯವನ್ನ ಅವರೇ ವಿವರಿಸ್ತಾರೆ."

ಎದ್ದು ನಿಂತೆ. ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ಈ ಹಾಡಿನ ಆಶಯ ಸಿಟ್ಟು ಸಾರ್. ನಿಮ್ಮ ಹನ್ನೊಂದರಲ್ಲಿ ಇಲ್ಲದ್ದು. ಇದು ಮಗುವಿಗೆ ಹಾಡಿದ್ದಲ್ಲ, ಕಲ್ಲಿಗೆ ಹಾಡಿದ್ದು. ಸಾವನ್ನು ಕರೆದು ಕಲ್ಲಿನ ಮೇಲೆ, ನಿಮ್ಮ ಯಂತ್ರದ ಮೇಲೆ ಛೂ ಬಿಟ್ಟ ಹಾಡು. ಇದನ್ನು ಗಟ್ಟಿಯಾಗಿ ಹೇಳಿ ಅಲ್ಲಿಂದ ಎದ್ದು ಹೋಗಬೇಕೆಂದು ಎಷ್ಟು ದಿನದಿಂದ ಕಾದಿದ್ದೆ! ಹೇಳಿದ್ದರೆ ಸಂಜೆಯೊಳಗೆ ಗಾಡಿ ಹಟ್ಟಿಗೆ ಹೋಗುತ್ತಿತ್ತು.

"ವಾತ್ಸಲ್ಯ ಸಾರ್" ಎಂದೆ. ಚಪ್ಪಾಳೆ ತಟ್ಟಿದರು.

ಮುಂದಿನ ಭಾನುವಾರ ಹಟ್ಟಿಗೆ ಹೋದೆ. ಮನೆಯ ಪಡಸಾಲೆಯಲ್ಲಿ ತೊಟ್ಟಿಲು. ಹಿತ್ತಿಲ ಚಪ್ಪರದಡಿ ಹಳೆ ಸೀರೆಯದು ಇನ್ನೊಂದು. ಬಿಚ್ಚುವಂತಿಲ್ಲದ ನಿಗಮದ ತೊಟ್ಟಿಲುಕಿವಿಯನ್ನು ಬಿಚ್ಚಿ ಹಿತ್ತಿಲಿನದಕ್ಕೆ ಕಟ್ಟಿದ್ದರು. ಅದರೊಳಗೆ ಕಲ್ಲು ಹೊದ್ದು ಮಲಗಿತ್ತು. ಓಬಕ್ಕ ಕಾಫಿ ಕೊಟ್ಟಳು.

"ದಿನಾ ಬೆಳಿಗ್ಗೆ ಒಂದಪ, ಸಂಜೀಗೊಂದಪ ಕಲ್ಲಿಗೆ ಹಾಡ್ತಾಳೆ. ಈಗ ಓಣಿಯೋರೂ ಕಲಿತವ್ರೆ. ಎಲ್ರ ಹಿತ್ತಿಲಾಗೂ ಒಂದೊಂದು ಕಲ್ಲು ಐತೆ" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಗೋಡೆಯ ಮೇಲಿನ ನಕ್ಷೆ ದಿನದಿನಕ್ಕೆ ಹಸಿರಾಗುತ್ತಿರುವುದು ಯಾಕೆಂದು ಆಗ ತಿಳಿಯಿತು. ಈ ಓಣಿಯಲ್ಲೇ ಯಾವಳಾದರೂ ನಿಜಕ್ಕೂ ಬಾವಿಯ ಕಡೆ ನೋಡುತ್ತಿದ್ದರೆ ಇನ್ನು ಅವಳ ಹಾಡು ಯಾರ ಕಿವಿಗೆ ಬೀಳಬೇಕು? ಹೆಣ್ಣುಮಕ್ಕಳು ಬಾಯಿಬಿಟ್ಟು ಹಾಡುತ್ತಿದ್ದ ಒಂದು ಜಾಗವಿತ್ತು. ಅಲ್ಲೂ 'ಚೆನ್ನಾಗಿದೀನಿ' ಎಂದು ಹೇಳಿಸಿಬಿಟ್ಟೆವಲ್ಲ! "ಅಜ್ಜಿ, ಇಲ್ಲಿ ಯಾರಾದ್ರೂ ಬಾಣಂತಿ ಮಂಕಾಗಿದ್ರೆ ನನಗೆ ಹೇಳಿ ಕಳಿಸು. ಫೋನ್ ಮಾಡು, ಯಂತ್ರಕ್ಕಲ್ಲ, ನನಗೆ" ಎಂದೆ. ಓಬಕ್ಕ ನಗು ನಿಲ್ಲಿಸಿ, "ಮೂಲೆಮನೆ ಸೊಸೆ ಸರಿಯಾಗಿ ಉಣ್ಣಂಗಿಲ್ಲ" ಎಂದಳು. ಹೋಗುವಾಗ ನೋಡಿಕೊಂಡು ಹೋಗುತ್ತೇನೆ ಎಂದೆ.

ಅಷ್ಟರಲ್ಲಿ ಮಗು ಅಂಬೆಗಾಲಿಟ್ಟುಕೊಂಡು ತಿಪ್ಪೆಯ ಕಡೆಯಿಂದ ಬಂತು. ಹಣೆಯ ತುಂಬ ಮಸಿ, ಮೂಗಿನಲ್ಲಿ ಸಿಂಬಳ, ಕೈಯಲ್ಲಿ ಕೋಳಿಪುಕ್ಕ. ನನ್ನ ಸೀರೆ ಹಿಡಿದು ಎದ್ದು ನಿಂತಿತು. ಎತ್ತಿಕೊಂಡೆ. ನನ್ನ ಮುಖ ನೋಡಿ, ಬಂದಿದ್ದ ಎರಡು ಹಲ್ಲನ್ನೂ ತೋರಿಸಿ ನಕ್ಕಿತು. ಅಯ್ಯೋ, ಎಷ್ಟು ಚೆಂದ ಇದ್ದೀಯೋ ರಾಜ, ಎನ್ನಲು ಬಾಯಿ ತೆರೆದೆ.

ಪಾಲಮ್ಮ ಕೈಯಲ್ಲಿದ್ದ ಮೊರವನ್ನು ಹಾಗೇ ಹಿಡಿದು ನನ್ನನ್ನೇ ನೋಡುತ್ತಿದ್ದಳು.

ನನಗೆ ಈ ದೃಷ್ಟಿ ಗಿಷ್ಟಿಯಲ್ಲಿ ನಂಬಿಕೆಯಿಲ್ಲ. ಅವತ್ತೂ ಇರಲಿಲ್ಲ, ಇವತ್ತೂ ಇಲ್ಲ.

"ಥೂ, ಕೋತಿಮೂತಿ!" ಎಂದೆ, ಓಣಿಗೆಲ್ಲ ಕೇಳುವ ಹಾಗೆ. "ಎಂಥ ಕೊಳಕು ತಿಪ್ಪೆ ಇದು! ಯಾರಿಗ್ರೇ ಬೇಕು ಈ ಕಸ?"

ಪಾಲಮ್ಮ ಮೊರ ಕೆಳಗಿಟ್ಟು ನನ್ನ ಪಕ್ಕ ಬಂದು ಕೂತಳು. "ಉಂಡ್ಕಂಡು ಹೋಗಕ್ಕ" ಎಂದಳು.